ನಡುವೆ ನಾವಿಲ್ಲ

ಮಳೆಗಾಲದಲ್ಲಿ ಪುಣೆಯಿಂದ ಮುಂಬೈಗೆ ಹೋಗುವಾಗ ಲೋಣಾವಳದ ಘಾಟಿಯಲ್ಲಿ ಮಂಜು ಕವಿಯುತ್ತದೆ. ಕಾರು ನಿಲ್ಲಿಸಿ ಇಳಿದರೆ ಯಾವ ಕಡೆ ನೋಡಿದರೂ ಅಷ್ಟೇ ದೂರ ಕಾಣುತ್ತದೆ. ಲೋಕದ ನಡುವೆ ನಾನೇ ನಿಂತಿದ್ದೇನೆ ಅನ್ನಿಸುತ್ತದೆ. ಖಗೋಳ ವಿಜ್ಞಾನಕ್ಕೂ ಬಹುಕಾಲ ಹೀಗೇ ಅನ್ನಿಸಿತ್ತು.

1785ರಲ್ಲಿ ವಿಲಿಯಂ ಹರ್ಷೆಲ್ ದಿಕ್ಕು ದಿಕ್ಕಿಗೂ ನಕ್ಷತ್ರ ಎಣಿಸಿ ಆಕಾಶಗಂಗೆಯ ನಕ್ಷೆ ಬಿಡಿಸಿದರು. ಸೂರ್ಯ ಹೆಚ್ಚುಕಡಿಮೆ ನಡುವೆ ಬಂದ. ಡಚ್ ವಿಜ್ಞಾನಿ ಯಾಕೋಬಸ್ ಕಾಪ್ಟೈನ್ ಈ ಎಣಿಕೆಗೆ ದಶಕಗಳನ್ನೇ ಸವೆಸಿದರು. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ದಿನವಿಡೀ ಎಣಿಸುವ ನನಗೆ ಅವರು ಹತ್ತಿರದವರು. ತೀರಿಕೊಂಡ ವರ್ಷವೇ, 1922ರಲ್ಲಿ, ಅವರು ಪ್ರಕಟಿಸಿದ ಚಿತ್ರದಲ್ಲೂ ಸೂರ್ಯ ಕೇಂದ್ರದಿಂದ ಸುಮಾರು 2,000 ಜ್ಯೋತಿರ್ವರ್ಷವಷ್ಟೇ ದೂರ. ಎಣಿಕೆಯಲ್ಲಿ ಸೋಮಾರಿತನವಿರಲಿಲ್ಲ. ನಕ್ಷತ್ರಗಳ ನಡುವಿನ ಧೂಳು ದೂರದ ಬೆಳಕನ್ನು ನುಂಗಿತ್ತು; ಅದನ್ನು ರಾಬರ್ಟ್ ಟ್ರಂಪ್ಲರ್ ತೋರಿಸಿದ್ದು 1930ರಲ್ಲಿ.

ಅಷ್ಟರಲ್ಲಿ ಕಾಪ್ಟೈನರ ಶಿಷ್ಯ ಯಾನ್ ಊರ್ಟ್ ಬೇರೆ ದಾರಿ ಹಿಡಿದಿದ್ದರು. ಗ್ಯಾಲಕ್ಸಿ ತಿರುಗುತ್ತಿದೆ ಎಂದು ಸ್ವೀಡನ್ನಿನ ಬರ್ಟಿಲ್ ಲಿಂಡ್‌ಬ್ಲಾಡ್ ವಾದಿಸಿದ್ದರು. 1927ರಲ್ಲಿ ಊರ್ಟ್ ಅದರ ಗುರುತನ್ನು ನಕ್ಷತ್ರಗಳ ವೇಗದಲ್ಲಿ ಹುಡುಕಿದರು. ಕಿಕ್ಕಿರಿದ ದೇವಸ್ಥಾನದ ಪ್ರದಕ್ಷಿಣೆ ನೆನೆಸಿಕೊಳ್ಳಿ. ಒಳಸುತ್ತಿನವರು ನಮ್ಮನ್ನು ದಾಟಿ ಮುಂದೆ ಹೋಗುತ್ತಾರೆ, ಹೊರಸುತ್ತಿನವರು ಹಿಂದೆ ಬೀಳುತ್ತಾರೆ. ಗರ್ಭಗುಡಿ ಕಾಣದಿದ್ದರೂ ಅದು ಯಾವ ಕಡೆಗಿದೆ ಎಂದು ತಿಳಿಯುತ್ತದೆ. ಹಾಗೆಯೇ ಕೆಲವು ದಿಕ್ಕಿನ ನಕ್ಷತ್ರಗಳು ನಮ್ಮತ್ತ ಬರುತ್ತಿದ್ದವು, ಕೆಲವು ದಿಕ್ಕಿನವು ದೂರ ಸರಿಯುತ್ತಿದ್ದವು. ಆ ಲೆಕ್ಕದಿಂದ ಕೇಂದ್ರ ಸಿಕ್ಕಿದ್ದು ಧನು ರಾಶಿಯ ಕಡೆಗೆ. ಹಾರ್ಲೋ ಶಾಪ್ಲಿ 1918ರಲ್ಲಿ ಗೋಳಾಕಾರದ ತಾರಾಗುಚ್ಛಗಳನ್ನು ಗುರುತಿಸಿ ಹೇಳಿದ್ದೂ ಅದೇ ದಿಕ್ಕು. ಇಂದಿನ ಲೆಕ್ಕದಲ್ಲಿ ನಾವು ಅಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದೇವೆ.

ನಕ್ಷತ್ರಗಳು ಸುತ್ತುತ್ತಲೇ ಗ್ಯಾಲಕ್ಸಿಯ ತಟ್ಟೆಯಿಂದ ಮೇಲಕ್ಕೂ ಕೆಳಕ್ಕೂ ಓಲಾಡುತ್ತವೆ. ಅವುಗಳ ವೇಗವನ್ನೂ, ಮೇಲೆ ಹೋದಂತೆ ಅವು ಎಷ್ಟು ವಿರಳವಾಗುತ್ತವೆ ಎಂಬುದನ್ನೂ ಜೋಡಿಸಿ, 1932ರಲ್ಲಿ ಊರ್ಟ್ ತಟ್ಟೆಯ ಸೆಳೆತವನ್ನು, ಅದರಿಂದ ಅಲ್ಲಿರುವ ದ್ರವ್ಯದ ಸಾಂದ್ರತೆಯನ್ನು ಅಂದಾಜು ಮಾಡಿದರು.

ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ನಕ್ಷತ್ರಗಳು ಮನಬಂದಂತೆ ಚಲಿಸುವುದಿಲ್ಲ, ಎರಡು ಪ್ರವಾಹಗಳಾಗಿ ಹರಿಯುವಂತಿವೆ ಎಂದು 1904ರಲ್ಲೇ ಸಾರಿದವರು ಕಾಪ್ಟೈನ್. ಅದರ ಅರ್ಥ ಬಿಡಿಸಿಕೊಟ್ಟದ್ದು ಲಿಂಡ್‌ಬ್ಲಾಡರ ತಿರುಗುವ ಗ್ಯಾಲಕ್ಸಿ. ಗುರುವಿನ ಚಿತ್ರವನ್ನು ಅಳಿಸಿದ ಸುಳಿವು ಗುರುವಿನ ಕೈಯಲ್ಲೇ ಇತ್ತು.

ಘಾಟಿಯ ಮಂಜಿನಲ್ಲೂ ಅಷ್ಟೇ: ರಸ್ತೆಯ ತಿರುವು ಗೊತ್ತಾಗುವುದು ಮುಂದೆ ಸಾಗುವ ಲಾರಿಯ ದೀಪದಿಂದ.