ಶೇಕಡಾ 97ಕ್ಕೆ ನಿಂತ ಮೇಲ್: ಡೌನ್‌ಲೋಡ್ ಪಟ್ಟಿಯ ಲೆಕ್ಕ ಎಲ್ಲಿ ತಪ್ಪುತ್ತದೆ?

ಯಲಬುರ್ಗಾದಂಥ ತಾಲ್ಲೂಕು ಊರಿನಲ್ಲಿ ಇಮೇಲ್ ಬಳಕೆಯಾಗುವುದು ಕಾಗದ ಬರೆಯುವುದಕ್ಕಿಂತ ಹೆಚ್ಚಾಗಿ ಕಡತ ಸಾಗಿಸಲು. ಲಗ್ನಪತ್ರಿಕೆಯ ವಿನ್ಯಾಸ, ಪಂಚಾಯಿತಿ ಕ್ರಿಯಾಯೋಜನೆಯ ಪಿಡಿಎಫ್, ಕೊಪ್ಪಳದ ಆಡಿಟರ್ ಕಳಿಸಿದ ಎಕ್ಸೆಲ್ ಹಾಳೆ, ಸುದ್ದಿಗಾರರು ಪತ್ರಿಕೆಗೆ ರವಾನಿಸುವ ಜಾತ್ರೆಯ ಫೋಟೊ ಎಲ್ಲವೂ ಈ ದಾರಿಯಲ್ಲೇ ಓಡಾಡುತ್ತವೆ. ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಇವನ್ನು ಇಳಿಸಿಕೊಳ್ಳಲು ಥಂಡರ್‌ಬರ್ಡ್ ಅಥವಾ ಔಟ್‌ಲುಕ್ ಇರುತ್ತದೆ. ಪರದೆಯ ಕೆಳಗಿನ ಪ್ರಗತಿ ಪಟ್ಟಿ ಸರಸರನೆ ತುಂಬಿ 97ಕ್ಕೆ ಬಂದು ನಿಂತುಬಿಟ್ಟರೆ "ಸರ್ವರ್ ಡೌನ್ ಐತ್ರಿ" ಎಂದು ಕ್ಯಾನ್ಸಲ್ ಒತ್ತುವುದು ವಾಡಿಕೆ. ಎಷ್ಟೋ ಸಲ ಸರ್ವರ್ ನೆಟ್ಟಗಿರುತ್ತದೆ, ಮೇಲ್ ಬರುತ್ತಲೂ ಇರುತ್ತದೆ. ಪಟ್ಟಿಯನ್ನು ನಂಬಿ ಒತ್ತಿದ ಆ ಕ್ಯಾನ್ಸಲ್‌ನಿಂದಲೇ ಕೆಲಸ ಕೆಡುತ್ತದೆ.

ಪಟ್ಟಿ ಎಣಿಸುವುದು ಏನನ್ನು?

ಪ್ರಗತಿ ತೋರಿಸುವ ಪಟ್ಟಿ ಇದ್ದರೆ ಕಂಪ್ಯೂಟರ್ ಬಳಸುವವರಿಗೆ ಹಿತವೆನಿಸುತ್ತದೆ ಎಂದು ಬ್ರ್ಯಾಡ್ ಮೈಯರ್ಸ್ 1985ರಲ್ಲೇ ಪ್ರಬಂಧ ಬರೆದು ತೋರಿಸಿದ್ದರು. ಹಿತ ಬೇರೆ, ನಿಖರತೆ ಬೇರೆ. ಶೇಕಡಾ ಹೇಳಬೇಕಾದರೆ ಬಂದದ್ದೆಷ್ಟು, ಒಟ್ಟು ಬರಬೇಕಾದದ್ದೆಷ್ಟು ಎಂಬ ಎರಡು ಸಂಖ್ಯೆ ಬೇಕು. ಮೊದಲನೆಯದನ್ನು ನಿಮ್ಮ ಕಂಪ್ಯೂಟರ್ ತಾನೇ ಎಣಿಸಿಕೊಳ್ಳುತ್ತದೆ. ಎರಡನೆಯದಕ್ಕೆ ಅದು ಸರ್ವರ್‌ನ ಮಾತನ್ನೇ ನಂಬಬೇಕು.

ಅದಕ್ಕೂ ಮೊದಲು ಏನನ್ನು ಎಣಿಸುತ್ತಿದೆ ಎಂಬ ಪ್ರಶ್ನೆಯಿದೆ. ಪೆಟ್ಟಿಗೆಯಲ್ಲಿ 40 ಮೇಲ್ ಇವೆ ಎನ್ನಿ. 39 ಮೇಲ್‌ಗಳು ನಾಲ್ಕು ಸಾಲಿನವು, ಒಂದೊಂದು 5 ಕೆಬಿ. ಕೊನೆಯದರಲ್ಲಿ ಮಾತ್ರ 12 ಎಂಬಿಯಷ್ಟು ಫೋಟೊ. ಪಟ್ಟಿ ಮೇಲ್‌ಗಳ ಸಂಖ್ಯೆ ಎಣಿಸುವುದಾದರೆ 39 ಇಳಿದ ಕೂಡಲೇ ಶೇ 97.5 ಎನ್ನುತ್ತದೆ. ಬೈಟ್ ಲೆಕ್ಕದಲ್ಲಿ ಆಗ ಶೇ 2ರಷ್ಟೂ ಬಂದಿರುವುದಿಲ್ಲ. ದೊಡ್ಡ ಮೇಲ್ ಸರದಿಯ ತಲೆಯಲ್ಲೇ ಇದ್ದರೆ ಇದೇ ನಾಟಕ ತಿರುವುಮುರುವಾಗುತ್ತದೆ: ಬಹಳ ಹೊತ್ತು ಸೊನ್ನೆ, ಆಮೇಲೆ ಒಮ್ಮೆಗೇ ನೂರು.

ಮೇಲ್‌ಗಳನ್ನು ಸರ್ವರ್‌ನಲ್ಲೇ ಇಟ್ಟು ನೋಡುವ ಐಮ್ಯಾಪ್ ಖಾತೆಗಳಲ್ಲಿ ಇನ್ನೊಂದು ತೊಡಕು. ಕ್ಲೈಂಟ್, ಅಂದರೆ ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶ, ಮೊದಲು ಹೆಡರ್‌ಗಳನ್ನು ತರುತ್ತದೆ, ಆಮೇಲೆ ಮೇಲ್‌ನ ಒಡಲನ್ನು, ಕೊನೆಗೆ ಕಸದ ಮೇಲ್ ಸೋಸಿ ಹುಡುಕಾಟಕ್ಕೆ ಸೂಚಿ ಕಟ್ಟುತ್ತದೆ. ಹಂತ ಬದಲಾದಾಗಲೆಲ್ಲ ಪಟ್ಟಿ ಹೊಸದಾಗಿ ತುಂಬತೊಡಗುತ್ತದೆ. ಎರಡನೇ ಸಲ ಸೊನ್ನೆಗೆ ಬಂತೆಂದರೆ ಮೊದಲಿನದು ಹಾಳಾಯಿತು ಎಂದು ತಿಳಿಯಬೇಕಿಲ್ಲ.

ಕಳಿಸುವಾಗ 12, ಬರುವಾಗ 16

ಇಮೇಲ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಸಾಗಿಸಲು. ಚಿತ್ರ, ಧ್ವನಿ, ಬೇರೆ ಲಿಪಿಗಳನ್ನು ಅದೇ ಹಾದಿಯಲ್ಲಿ ಕಳಿಸುವ ಉಪಾಯವನ್ನು ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ಮೈಮ್ ಎಂಬ ಮಾನದಂಡವಾಗಿ ಬರೆದಿಟ್ಟರು. ಅದರಲ್ಲಿ ಲಗತ್ತುಗಳಿಗೆ ಬಳಕೆಯಾಗುವುದು ಬೇಸ್64 ಎಂಬ ವಿಧಾನ. ಕಡತದ ಪ್ರತಿ 3 ಬೈಟನ್ನು 4 ಸಾದಾ ಅಕ್ಷರವಾಗಿ ಬರೆದು, 76 ಅಕ್ಷರಕ್ಕೊಂದು ಸಾಲು ಮುರಿಯುತ್ತಾರೆ. ಸಾಲಿನ ಕೊನೆಗೆ ಇನ್ನೆರಡು ಬೈಟು.

ಕಡಲೆಯನ್ನು ಚೀಲದ ಸಮೇತ ತೂಗಿದಂತೆ ಇದು: 1,20,00,000 ಬೈಟಿನ ಫೋಟೊ ದಾರಿಯಲ್ಲಿ 1,64,21,054 ಬೈಟ್ ಆಗಿರುತ್ತದೆ, ಅಂದರೆ ಸುಮಾರು ಶೇ 37 ಹೆಚ್ಚು. ಕಳಿಸಿದವರು ಫೋನಿನಲ್ಲಿ 12 ಎಂಬಿ ಎಂದರು, ಇಲ್ಲಿ ಪರದೆ 16.4 ಎನ್ನುತ್ತಿದೆ, ಯಾವುದು ನಿಜ ಎಂದರೆ ಎರಡೂ ನಿಜ. ಇಳಿದು ಬಿಚ್ಚಿದ ಮೇಲೆ ಮತ್ತೆ 12 ಆಗುತ್ತದೆ.

ವೇಗದ ಗೊಂದಲ ಇದರ ಜೊತೆ ಸೇರಿಕೊಳ್ಳುತ್ತದೆ. ಇಂಟರ್ನೆಟ್ ಪ್ಲಾನ್‌ನಲ್ಲಿ ಬರೆದಿರುವುದು ಬಿಟ್ ಲೆಕ್ಕ, ಮೇಲ್ ಪೆಟ್ಟಿಗೆ ತೋರಿಸುವುದು ಬೈಟ್ ಲೆಕ್ಕ. ಎಂಟರಿಂದ ಭಾಗಿಸಬೇಕು. 40 ಎಂಬಿಪಿಎಸ್ ಸಂಪರ್ಕ ಪೂರ್ತಿ ವೇಗದಲ್ಲಿ ಓಡಿದರೂ ಸೆಕೆಂಡಿಗೆ ಬರುವುದು 5 ಎಂಬಿ. ಬಿಎಸ್‌ಎನ್‌ಎಲ್ 2005ರಲ್ಲಿ ಡೇಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ತಂದಾಗಿನ 256 ಕೆಬಿಪಿಎಸ್‌ನಲ್ಲಿ ಮೇಲಿನ ಮೇಲ್‌ಗೆ ಎಂಟೂವರೆ ನಿಮಿಷ ಬೇಕಿತ್ತು. ಈಗ 4 ಎಂಬಿಪಿಎಸ್ ಸಿಕ್ಕರೂ ಸುಮಾರು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಹಾಗಾಗಿ ಪಟ್ಟಿ ನಿಂತಿದೆ ಎನ್ನುವ ಮುನ್ನ ಕಡತದ ಗಾತ್ರ ಮತ್ತು ವೇಗ ಹಿಡಿದು ಒಂದು ಭಾಗಾಕಾರ ಮಾಡಿ ನೋಡುವುದು ಒಳ್ಳೆಯದು.

ಕನ್ನಡಕ್ಕೆ ಎಷ್ಟು ಬೈಟು?

ಯೂನಿಕೋಡ್‌ನಲ್ಲಿ "ಯಲಬುರ್ಗಾ" ಎಂಬ ಪದ ಎಂಟು ಸಂಕೇತಗಳಿಂದಾದದ್ದು: ಯ, ಲ, ಬ, ಉಕಾರ, ರ, ವಿರಾಮ, ಗ, ಆಕಾರ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟು, ಒಟ್ಟು 24. ಮೇಲ್ ತಂತ್ರಾಂಶ ಅದನ್ನು ಬೇಸ್64ಕ್ಕೆ ಹಾಕಿದರೆ 32 ಆಗುತ್ತದೆ. ಕೆಲವು ತಂತ್ರಾಂಶಗಳು ಕೋಟೆಡ್ ಪ್ರಿಂಟಬಲ್ ಎಂಬ ಇನ್ನೊಂದು ವಿಧಾನ ಹಿಡಿಯುತ್ತವೆ. ಅದರಲ್ಲಿ ಪ್ರತಿ ಬೈಟು ಮೂರು ಅಕ್ಷರವಾಗುವುದರಿಂದ ಅದೇ ಊರಿನ ಹೆಸರು 72 ಬೈಟ್ ತೂಗುತ್ತದೆ. ಒಂದೇ ಕನ್ನಡ ಪತ್ರ ಇಬ್ಬರಿಂದ ಬಂದಾಗ ಗಾತ್ರ ಬೇರೆ ಬೇರೆ ಕಾಣಲು ಇದೂ ಒಂದು ಕಾರಣ.

ನುಡಿ ತಂತ್ರಾಂಶದ ಹಳೆಯ ಆಸ್ಕಿ ಬರಹ ಇದಕ್ಕಿಂತ ಹಗುರ, ನಿಜ. ಆದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಗುರುತುಗಳ ರಾಶಿ. ಹಗುರವೆಂಬ ಒಂದೇ ಕಾರಣಕ್ಕೆ ಅದನ್ನು ಹಿಡಿದು ಕೂರುವುದು ಜಾಣತನವಲ್ಲ. ಹೇಗೂ ಇಡೀ ಪುಟದ ವರದಿ ಯೂನಿಕೋಡ್‌ನಲ್ಲಿದ್ದರೂ ಒಂದು ಫೋಟೊದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಸರ್ವರ್ ಕೊಡುವ ಅಂದಾಜು

ಸರ್ವರ್‌ನಿಂದ ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪಾಪ್3 ಮಾನದಂಡ ಇಂದಿಗೂ ನಡೆಯುತ್ತಿರುವುದು ಆರ್‌ಎಫ್‌ಸಿ ಎಂಬ ಇಂಟರ್ನೆಟ್ ದಾಖಲೆಗಳ ಸರಣಿಯಲ್ಲಿ 1996ರ ಆರ್‌ಎಫ್‌ಸಿ 1939ರ ಪ್ರಕಾರ. ಕ್ಲೈಂಟ್ "ಲಿಸ್ಟ್" ಎಂದು ಕೇಳಿದರೆ ಸರ್ವರ್ ಪ್ರತಿ ಮೇಲ್‌ನ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುತ್ತದೆ. ಪಟ್ಟಿಯ ಒಟ್ಟು ಮೊತ್ತ ಬರುವುದು ಅಲ್ಲಿಂದ.

ತಪ್ಪು ನುಸುಳುವ ಜಾಗವೂ ಅದೇ. ಮೇಲ್ ಜಾಲದಲ್ಲಿ ಸಾಗುವಾಗ ಸಾಲಿನ ಕೊನೆಗೆ ಎರಡು ಬೈಟ್ ಇರಬೇಕು. ಯುನಿಕ್ಸ್ ಮಾದರಿಯ ಸರ್ವರ್‌ಗಳು ಡಿಸ್ಕಿನಲ್ಲಿ ಒಂದೇ ಬೈಟ್ ಇಟ್ಟುಕೊಂಡಿರುತ್ತವೆ, ಕಳಿಸುವಾಗ ಇನ್ನೊಂದು ಸೇರಿಸುತ್ತವೆ. ಸರ್ವರ್ ಅವಸರಕ್ಕೆ ಡಿಸ್ಕಿನ ಗಾತ್ರವನ್ನೇ ಹೇಳಿಬಿಟ್ಟರೆ ಸಾಲಿಗೊಂದು ಬೈಟ್ ಕಡಿಮೆ ಬೀಳುತ್ತದೆ. ನಮ್ಮ ಫೋಟೊ ಮೇಲ್‌ನಲ್ಲಿ 2,10,527 ಸಾಲುಗಳಿವೆ. ಹೇಳಿದ ಗಾತ್ರ 1,62,10,527, ಬಂದದ್ದು 1,64,21,054. ಪಟ್ಟಿ ಪ್ರಾಮಾಣಿಕವಾಗಿದ್ದರೆ ಶೇ 101.3 ಎನ್ನಬೇಕು. ನೂರಕ್ಕಿಂತ ಮೇಲೆ ತೋರಿಸಲು ನಾಚುವ ತಂತ್ರಾಂಶ 100ಕ್ಕೆ ನಿಂತು, ಉಳಿದ ಎರಡು ಲಕ್ಷ ಬೈಟನ್ನು ಸದ್ದಿಲ್ಲದೆ ಇಳಿಸಿಕೊಳ್ಳುತ್ತದೆ. ನಿಧಾನದ ಸಂಪರ್ಕದಲ್ಲಿ "ನೂರಾಗಿದೆ, ಮುಗಿದಿಲ್ಲ" ಎಂಬ ಸ್ಥಿತಿ ಕಾಣುವುದು ಹೀಗೂ ಉಂಟು. ಈ ಗಾತ್ರದ ಗೊಂದಲವನ್ನು ಆರ್‌ಎಫ್‌ಸಿ 1939 ಪ್ರತ್ಯೇಕ ವಿಭಾಗದಲ್ಲೇ ಚರ್ಚಿಸಿದೆ, ಎಚ್ಚರಿಕೆ ಹೊಸದೇನಲ್ಲ.

ಮೈಕ್ರೊಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ನಲ್ಲಿ ಇದು ಬೇಕೆಂದೇ ಮಾಡಿದ ಏರ್ಪಾಡು. ಪ್ರತಿ ಮೇಲ್‌ನ ನಿಖರ ಗಾತ್ರ ತಿಳಿಯಲು ಅದನ್ನು ಮೈಮ್ ರೂಪಕ್ಕೆ ಬದಲಿಸಿ ಅಳೆಯಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ಪಾಪ್, ಐಮ್ಯಾಪ್ ಬಳಕೆದಾರರಿಗೆ ಅದು ಅಂದಾಜು ಕೊಡುತ್ತದೆ. ನಿಖರವೇ ಬೇಕೆಂದರೆ ಸರ್ವರ್ ನೋಡಿಕೊಳ್ಳುವವರು ಒಂದು ಆಯ್ಕೆ ಬದಲಿಸಬೇಕು. ಮೇಲ್ ಇಳಿಸಿಕೊಳ್ಳುವವರ ಕೈಯಲ್ಲಿ ಅದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಉಂಟು. 2007ರ ಆರ್‌ಎಫ್‌ಸಿ 4978ರಿಂದ ಐಮ್ಯಾಪ್ ಸಂಭಾಷಣೆಯನ್ನು ಒತ್ತಿ ಚಿಕ್ಕದು ಮಾಡಿ ಸಾಗಿಸಬಹುದು. ಆಗ ಮೇಲ್ ಪೆಟ್ಟಿಗೆ 16 ಎಂಬಿ ಬಂತು ಎನ್ನುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನ ಡೇಟಾ ಮೀಟರ್ ಕಡಿಮೆ ತೋರಿಸುತ್ತದೆ.

ನಡುವೆ ಕುಳಿತ ಆಂಟಿವೈರಸ್

ಮೇಲ್ ತಪಾಸಣೆ ಮಾಡುವ ಆಂಟಿವೈರಸ್ ಸರ್ವರ್‌ಗೂ ಕ್ಲೈಂಟ್‌ಗೂ ಮಧ್ಯೆ ಕೂತಿರುತ್ತದೆ. ಇಡೀ ಮೇಲ್ ತನ್ನ ಕೈಸೇರಿ ಪರೀಕ್ಷೆ ಮುಗಿಯುವವರೆಗೂ ಅದು ಮುಂದಕ್ಕೆ ಬಿಡದಿರಬಹುದು. ಅಷ್ಟು ಹೊತ್ತೂ ಪಟ್ಟಿ ಸೊನ್ನೆ. ಬಿಟ್ಟ ಕ್ಷಣಕ್ಕೆ ನೂರು. ಕಾಯುವ ಅವಧಿ ಮೀರಿದರೆ ಕ್ಲೈಂಟ್ ಟೈಮ್‌ಔಟ್ ಎಂದು ಬಿಟ್ಟುಕೊಡುತ್ತದೆ. ಆಂಟಿವೈರಸ್ ಪೂರ್ತಿ ತೆಗೆಯುವುದು ಬೇಡ, ಮೇಲ್ ತಪಾಸಣೆಯ ಆಯ್ಕೆಯೊಂದನ್ನೇ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿದರೆ ಕಾರಣ ಇದೇ ಹೌದೋ ಅಲ್ಲವೋ ತಿಳಿಯುತ್ತದೆ.

ನಡುವೆ ಕರೆಂಟ್ ಹೋದರೆ

ಬೇಸಿಗೆಯಲ್ಲಿ, ಮುಂಗಾರಿನ ಗಾಳಿಗೆ ಕರೆಂಟ್ ಹೋಗಿ ರೂಟರ್ ಆರಿಹೋಗುವ ಊರುಗಳಿಗೆ ಪಾಪ್3ರ ಒಂದು ನಿಯಮ ಗೊತ್ತಿರಲೇಬೇಕು. ಮೇಲ್‌ಗಳನ್ನು ಇಳಿಸಿಕೊಂಡ ಕ್ಲೈಂಟ್ ಕೊನೆಯಲ್ಲಿ "ಕ್ವಿಟ್" ಹೇಳಿ ಹೊರಬಂದರೆ ಮಾತ್ರ ಸರ್ವರ್ ಅಳಿಸಲು ಹೇಳಿದ್ದನ್ನು ಅಳಿಸುತ್ತದೆ. ಸಂಪರ್ಕ ನಡುವೆ ಕಡಿದರೆ ಏನನ್ನೂ ಅಳಿಸಕೂಡದು ಎಂಬುದು ಕಟ್ಟುನಿಟ್ಟು. ನಿಮ್ಮ ಮೇಲ್ ಕಳೆದುಹೋಗದಿರಲು ಮಾಡಿದ ಒಳ್ಳೆಯ ನಿಯಮವೇ. ಅದರ ಬೆಲೆ ಏನೆಂದರೆ, 39 ಮೇಲ್ ಇಳಿಸಿ ನಲವತ್ತನೆಯದರಲ್ಲಿ ಕಡಿದರೆ ಸರ್ವರ್‌ನ ಕಣ್ಣಿಗೆ ಆ ನಲವತ್ತೂ ಹಾಗೆಯೇ ಇರುತ್ತವೆ. ಯಾವುದು ಬಂದಿದೆ ಎಂದು ಕ್ಲೈಂಟ್ ತಾನೇ ಗುರುತಿಟ್ಟುಕೊಂಡಿರಬೇಕು. ಆ ಗುರುತು ಬರೆಯುವ ಮುನ್ನವೇ ಯಂತ್ರ ಆರಿದ್ದರೆ ಹಳೆಯವೆಲ್ಲ ಇನ್ನೊಮ್ಮೆ ಇಳಿದು ಜೋಡಿ ಜೋಡಿಯಾಗಿ ಕಾಣಿಸುತ್ತವೆ, ಪಟ್ಟಿ ಮೊದಲಿನಿಂದ ಎಣಿಸುತ್ತದೆ. ಥಂಡರ್‌ಬರ್ಡ್ ಈ ಗುರುತುಗಳನ್ನು ಪಾಪ್‌ಸ್ಟೇಟ್ ಎಂಬ ಕಡತದಲ್ಲಿ ಇಡುತ್ತದೆ. ಜಾಗ ಖಾಲಿ ಮಾಡಲು ಹೋಗಿ ಅದನ್ನು ಅಳಿಸಿದರೂ ಇದೇ ಗತಿ.

ಅರ್ಧ ಬಂದ ಮೇಲ್‌ನ ಉಳಿದರ್ಧವನ್ನಷ್ಟೇ ತರುವ ಸೌಕರ್ಯ ಪಾಪ್3ರಲ್ಲಿಲ್ಲ. 12 ಎಂಬಿಯ ಫೋಟೊ 11ರಲ್ಲಿ ನಿಂತರೆ ಮತ್ತೆ ಒಂದರಿಂದಲೇ. ಶೇ 97ಕ್ಕೆ ಕ್ಯಾನ್ಸಲ್ ಒತ್ತಬೇಡಿ ಎನ್ನುವುದು ಇದಕ್ಕೇ.

ಇನ್ನೂ ಒಂದಿದೆ. ಪಾಪ್3 ಪೆಟ್ಟಿಗೆಗೆ ಒಂದು ಸಲಕ್ಕೆ ಒಬ್ಬರದೇ ಪ್ರವೇಶ. ಒಳಗೆ ಬಂದವರ ಹೆಸರಿಗೆ ಸರ್ವರ್ ಬೀಗ ಹಾಕುತ್ತದೆ. ಸಂಪರ್ಕ ತಾನಾಗಿ ಕಡಿದದ್ದು ಅದಕ್ಕೆ ತಕ್ಷಣ ತಿಳಿಯುವುದಿಲ್ಲ. ಸುಮ್ಮನಿರುವ ಸಂಪರ್ಕವನ್ನು ಸರ್ವರ್ ತಾನೇ ಮುಚ್ಚುವುದಾದರೆ ಕನಿಷ್ಠ 10 ನಿಮಿಷ ಕಾಯಬೇಕೆಂದು ಮಾನದಂಡ ಹೇಳುತ್ತದೆ. ಕರೆಂಟ್ ಬಂದ ಎರಡೇ ನಿಮಿಷಕ್ಕೆ ಗುಂಡಿ ಒತ್ತಿದರೆ "ಮೇಲ್‌ಬಾಕ್ಸ್ ಬಳಕೆಯಲ್ಲಿದೆ" ಎಂಬ ಸಂದೇಶ ಬರಬಹುದು. ಪಾಸ್‌ವರ್ಡ್ ಬದಲಿಸಲು ಹೊರಡುವ ಮೊದಲು ಚಹಾ ಕುಡಿದು ಬನ್ನಿ. ಅಂಗಡಿಯ ಎರಡು ಕಂಪ್ಯೂಟರುಗಳಲ್ಲಿ ಒಂದೇ ಪಾಪ್ ಖಾತೆ ಹಾಕಿಕೊಂಡವರಿಗೂ ಇದೇ ಬೀಗ ಅಡ್ಡ ಬರುತ್ತದೆ.

ಜಿಮೇಲ್ ಖಾತೆಯಿದ್ದರೆ

ಜಿಮೇಲ್‌ನಲ್ಲಿ ಫೋಲ್ಡರ್ ಎಂಬುದಿಲ್ಲ, ಲೇಬಲ್‌ಗಳಿವೆ. ಐಮ್ಯಾಪ್ ಮೂಲಕ ನೋಡಿದಾಗ ಪ್ರತಿ ಲೇಬಲ್ಲೂ ಒಂದು ಫೋಲ್ಡರಿನಂತೆ ಕಾಣುತ್ತದೆ. ಇನ್‌ಬಾಕ್ಸ್‌ನ ಮೇಲ್ "ಆಲ್ ಮೇಲ್"ನಲ್ಲೂ ಇರುತ್ತದೆ, ಮೂರನೆಯ ಲೇಬಲ್ ಹಚ್ಚಿದ್ದರೆ ಅಲ್ಲೂ. ಹಾಗಾಗಿ ಇಳಿಯಬೇಕಾದ ಮೇಲ್‌ಗಳ ಸಂಖ್ಯೆ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ಆಲ್ ಮೇಲ್ ಅನ್ನು ಐಮ್ಯಾಪ್‌ನಲ್ಲಿ ತೋರಿಸಬೇಡ ಎಂದು ಜಿಮೇಲ್ ಸೆಟ್ಟಿಂಗ್‌ನಲ್ಲಿ ಹೇಳಿಬಿಟ್ಟರೆ ಹೊರೆ ಇಳಿಯುತ್ತದೆ. ಪಾಪ್ ಮೂಲಕವಾದರೆ ಜಿಮೇಲ್ ಹಳೆಯ ಮೇಲ್‌ಗಳನ್ನು ಕಂತು ಕಂತಾಗಿ ಕೊಡುತ್ತದೆ: ಪಟ್ಟಿ ನೂರಾಗಿ ಮುಗಿಯಿತೆನ್ನುವಷ್ಟರಲ್ಲಿ ಮುಂದಿನ ಸಲಕ್ಕೆ ಇನ್ನೊಂದು ಕಂತು ಸಿದ್ಧವಿರುತ್ತದೆ.

ಪತ್ತೆ ಹಚ್ಚುವ ಬಗೆ

ಮೊದಲು ಪಟ್ಟಿ ಬಿಟ್ಟು ಜಾಲದ ಓಡಾಟ ನೋಡಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಗೆರೆ ಏಳುತ್ತಿದೆಯೇ ಗಮನಿಸಿದರೆ ಸಾಕು. ಗೆರೆ ಏಳುತ್ತಿದ್ದರೆ ಬಹುತೇಕ ಮೇಲ್ ಬರುತ್ತಿದೆ ಎಂದೇ ಅರ್ಥ, ಕಾಯಬೇಕು. ಗೆರೆ ನೆಲಕ್ಕಂಟಿ ಪ್ರೊಸೆಸರ್ ಮಾತ್ರ ದುಡಿಯುತ್ತಿದ್ದರೆ ಆಂಟಿವೈರಸ್ಸೋ ಸೂಚಿ ಕಟ್ಟುವ ಕೆಲಸವೋ ನಡೆದಿದೆ. ಎರಡೂ ತಣ್ಣಗಿದ್ದರೆ ಆಗ ಸಂಪರ್ಕವನ್ನು ಅನುಮಾನಿಸಬಹುದು.

ಪ್ರತಿ ಸಲವೂ ಅದೇ ಮೇಲ್‌ನಲ್ಲಿ ನಿಲ್ಲುತ್ತಿದ್ದರೆ, ಉದಾಹರಣೆಗೆ 40ರಲ್ಲಿ 17ನೆಯದರಲ್ಲೇ ನಿಂತರೆ, ಆ ಒಂದು ಮೇಲ್ ಹಾಳಾಗಿದೆ ಅಥವಾ ವಿಪರೀತ ದೊಡ್ಡದಿದೆ. ಪಾಪ್‌ನಲ್ಲಿ ಅದು ಹಿಂದಿರುವ ಎಲ್ಲ ಮೇಲ್‌ಗಳ ದಾರಿ ಕಟ್ಟುತ್ತದೆ. ಬ್ರೌಸರ್‌ನಲ್ಲಿ ವೆಬ್‌ಮೇಲ್ ತೆರೆದು ಅದನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಸರದಿ ಸಾಗುತ್ತದೆ. ಎಷ್ಟೋ ಜನ ಇಡೀ ಖಾತೆಯನ್ನೇ ಅಳಿಸಿ ಹೊಸದಾಗಿ ಹಾಕುತ್ತಾರೆ. ಅದು ಸಾವಿರಾರು ಹಳೆಯ ಮೇಲ್‌ಗಳನ್ನು ಮತ್ತೆ ಇಳಿಸುವ ಶಿಕ್ಷೆ.

ಸರ್ವರ್ ಹೇಳುವ ಲೆಕ್ಕವನ್ನೇ ನೋಡಬೇಕೆಂಬ ಕುತೂಹಲಿಗಳು ಓಪನ್‌ಎಸ್‌ಎಸ್‌ಎಲ್ ಉಪಕರಣದಿಂದ 995ನೇ ಪೋರ್ಟ್‌ಗೆ ಕೈಯಾರೆ ಸಂಪರ್ಕಿಸಬಹುದು. ಹಳೆಯ ರೀತಿಯ ಪಾಸ್‌ವರ್ಡ್ ಒಪ್ಪುವ ಸರ್ವರ್ ಆಗಿದ್ದರೆ ಯೂಸರ್, ಪಾಸ್ ಕೊಟ್ಟು "ಸ್ಟ್ಯಾಟ್" ಎಂದರೆ ಒಂದೇ ಸಾಲಿನ ಉತ್ತರ: ಮೇಲ್‌ಗಳ ಸಂಖ್ಯೆ, ಒಟ್ಟು ಬೈಟು. "ಲಿಸ್ಟ್" ಎಂದರೆ ಒಂದೊಂದರ ಗಾತ್ರ. ಪಟ್ಟಿ ನಿಂತ ಜಾಗದ ಮೇಲ್ ಯಾವುದೆಂದು ಅಲ್ಲಿ ಎದ್ದು ಕಾಣುತ್ತದೆ.

ತೊಂದರೆ ಪದೇ ಪದೇ ಬರುವುದಾದರೆ ಥಂಡರ್‌ಬರ್ಡ್‌ನ ಖಾತೆ ಸೆಟ್ಟಿಂಗ್‌ನಲ್ಲಿ ಇಂತಿಷ್ಟು ಕೆಬಿಗಿಂತ ದೊಡ್ಡ ಮೇಲ್ ಇಳಿಸಬೇಡ ಎಂದು ಮಿತಿ ಹಾಕಿ. ಪಾಪ್‌ನಲ್ಲಾದರೆ ದೊಡ್ಡ ಮೇಲ್‌ನ ಮೊದಲ ತುಣುಕಷ್ಟೇ ಬಂದು, ಪೂರ್ತಿ ಬೇಕೆಂದಾಗ ಇಳಿಸಿಕೊಳ್ಳುವ ಕೊಂಡಿ ಸಿಗುತ್ತದೆ. ಹೊಸದಾಗಿ ಖಾತೆ ಹಾಕುವವರಿಗೆ ಐಮ್ಯಾಪ್ ವಾಸಿ.

ಕಳಿಸುವ ಪಟ್ಟಿ ಇನ್ನೂ ಅವಸರದ್ದು

ಮೇಲ್ ಕಳಿಸುವಾಗ ಪಟ್ಟಿ ಎಣಿಸುವುದು ಕಂಪ್ಯೂಟರ್ ತನ್ನದೇ ಬಫರ್‌ಗೆ ಸುರಿದ ಬೈಟುಗಳನ್ನು. ಅವು ಇನ್ನೂ ರೂಟರ್ ದಾಟಿರುವುದಿಲ್ಲ, ಪಟ್ಟಿ ನೂರಾಗಿರುತ್ತದೆ. ಕೊನೆಯ ಸಾಲು ತಲುಪಿದ ಮೇಲೂ ಸರ್ವರ್ ವೈರಸ್ ಪರೀಕ್ಷೆ ಮುಗಿಸಿ 250 ಎಂಬ ಒಪ್ಪಿಗೆ ಸಂಕೇತ ಕೊಡಬೇಕು. ಆ ಸಂಕೇತ ಬರುವ ಮುನ್ನ ಸಂಪರ್ಕ ಕಡಿದರೆ ಸರ್ವರ್ ಮೇಲ್ ಮುಂದಕ್ಕೆ ಕಳಿಸಿಯೇ ಇರಬಹುದು, ಕ್ಲೈಂಟ್ ಮಾತ್ರ ವಿಫಲ ಎನ್ನುತ್ತದೆ. ಕ್ರೇಗ್ ಪಾರ್ಟ್ರಿಜ್ 1988ರ ಆರ್‌ಎಫ್‌ಸಿ 1047ರಲ್ಲಿ ವಿವರಿಸಿದ್ದು ಈ ತೊಡಕನ್ನೇ. ಪತ್ರಿಕೆಯ ಡೆಸ್ಕಿಗೆ ಒಂದೇ ತೇರಿನ ಫೋಟೊ ಮೂರು ಸಲ ಬರುವುದು ಹೀಗೆ. ಮತ್ತೆ ಕಳಿಸುವ ಮೊದಲು ಆ ಕಡೆಯವರಿಗೊಂದು ಫೋನ್ ಮಾಡಿ "ಬಂತೇನ್ರಿ?" ಎಂದು ಕೇಳುವುದು ಇಂದಿಗೂ ಯಾವ ಪಟ್ಟಿಗಿಂತ ನಿಖರ.