ಜೆಟ್ ವಿಮಾನಗಳ ಇಂಧನ ಮಿತವ್ಯಯದ ಚರಿತ್ರೆ

ಜೆಟ್ ವಿಮಾನವೆಂದೊಡನೆ ವೇಗವು ನೆನಪಿಗೆ ಬರುವುದು ಸಹಜ. ಆದರೆ ಪ್ರಯಾಣಿಕರ ಜೆಟ್ ವಿಮಾನಗಳಲ್ಲಿ ಇಂಧನವು ಉಳಿತಾಯವಾದ ಬಗೆಯನ್ನು ವಿಚಾರಿಸಿದರೆ, ಎಂಜಿನ್ನಿನಿಂದ ಹಿಂದಕ್ಕೆ ಚಿಮ್ಮುವ ಗಾಳಿಯ ವೇಗವನ್ನು ಕುಗ್ಗಿಸುತ್ತ ಬಂದುದೇ ಅದಕ್ಕೆ ಒಂದು ಪ್ರಧಾನ ಕಾರಣವೆಂದು ತಿಳಿಯುವುದು. 1952ರ ಮೇ 2ರಂದು ಲಂಡನಿನಿಂದ ಜೊಹಾನ್ಸ್‌ಬರ್ಗಿಗೆ ಹೊರಟ ಕಾಮೆಟ್ ವಿಮಾನದ ಎಂಜಿನ್ನುಗಳು ಸ್ವಲ್ಪ ಗಾಳಿಯನ್ನು ಬಲು ರಭಸದಿಂದ ತಳ್ಳುತ್ತಿದ್ದುವು; ಶಕ್ತಿಯ ದೊಡ್ಡದೊಂದು ಭಾಗ ಆಕಾಶದಲ್ಲಿಯೇ ವ್ಯರ್ಥವಾಗುತ್ತಿದ್ದಿತು. ಅಷ್ಟೇ ನೂಕುಬಲವನ್ನು ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಿ ಪಡೆದರೆ ನಷ್ಟ ಕಡಿಮೆ. ಈ ತತ್ತ್ವವು ಫ್ರಾಂಕ್ ವ್ಹಿಟಲ್ ಎಂಬ ಆಂಗ್ಲ ಎಂಜಿನಿಯರಿಗೆ 1936ರಲ್ಲಿಯೇ ಹೊಳೆದಿದ್ದಿತು.

ತತ್ತ್ವ ತಿಳಿದಿದ್ದರೂ ಅದನ್ನು ಅಳವಡಿಸಲು ಎಡೆ ಬೇಕಷ್ಟೆ. ರೋಲ್ಸ್ ರಾಯ್ಸ್ ಕಂಪೆನಿಯ ಕಾನ್ವೆ ಎಂಜಿನ್ನಿನಲ್ಲಿ ಗಾಳಿಯ ಒಂದಂಶವು ಇಂಧನ ಉರಿಯುವ ಗೂಡನ್ನು ಹೊಗದೆ ಹೊರಗಿನಿಂದ ಬಳಸಿ ಹೋಗುತ್ತಿದ್ದಿತು. ಏರ್ ಇಂಡಿಯಾ ಸಂಸ್ಥೆಗೆ 1960ರಲ್ಲಿ ಬಂದ ಬೋಯಿಂಗ್ 707 ವಿಮಾನಗಳಲ್ಲಿದ್ದುದು ಇದೇ. ಆದರೆ ಹೀಗೆ ಬಳಸಿ ಹೋಗುತ್ತಿದ್ದುದು ಒಟ್ಟು ಗಾಳಿಯ ಮೂರರಲ್ಲೊಂದು ಪಾಲೂ ಅಲ್ಲ. ರೆಕ್ಕೆಯ ಬುಡದೊಳಗೆ ಎಂಜಿನ್ನನ್ನು ಹುದುಗಿಸುವ ಬ್ರಿಟಿಷ್ ವಿಮಾನಗಳಿಗಾಗಿ ಇದನ್ನು ಮೊದಲು ರೂಪಿಸಿದ್ದರು. ಅಲ್ಲಿ ದಪ್ಪಕ್ಕೆ ಮಿತಿಯಿದ್ದಿತು. ರೆಕ್ಕೆಯ ಕೆಳಗೆ ತೂಗುಹಾಕುತ್ತಿದ್ದ ಅಮೆರಿಕದವರಿಗೆ ಈ ಕಟ್ಟು ಇರಲಿಲ್ಲ. 1970ರ ಜನವರಿಯಲ್ಲಿ ಸೇವೆಗೆ ಬಂದ ಬೋಯಿಂಗ್ 747ರಲ್ಲಿ ಗೂಡಿನೊಳಗೆ ಒಂದು ಪಾಲು ಗಾಳಿ ಹೋದರೆ ಹೊರಗೆ ಸುಮಾರು ಐದು ಪಾಲು ಹೋಗುತ್ತಿದ್ದಿತು.

ಅಂಥ ಎಂಜಿನ್ನಿಗೆ ಮುಂದುಗಡೆ ದೊಡ್ಡ ಬೀಸಣಿಗೆ ಬೇಕು. ಬೀಸಣಿಗೆ ಹಿಗ್ಗಿದಷ್ಟೂ ಅಲಗುಗಳ ಭಾರ ಹೆಚ್ಚು. ಲಾಕ್‌ಹೀಡ್ ಕಂಪೆನಿಯ ಟ್ರೈಸ್ಟಾರ್ ವಿಮಾನಕ್ಕೆ ಆರ್‌ಬಿ211 ಎಂಜಿನ್ನನ್ನು ಒದಗಿಸಲೊಪ್ಪಿದ ರೋಲ್ಸ್ ರಾಯ್ಸ್‌ನವರು ಇಂಗಾಲದ ಎಳೆಗಳ ಹಗುರವಾದ ಅಲಗುಗಳನ್ನು ನೆಚ್ಚಿದರು. ಹಕ್ಕಿ ಬಡಿದರೆ ತಾಳುವುವೇ ಎಂದು ನೋಡುವ ಪರೀಕ್ಷೆಯಲ್ಲಿ ಅವು ಒಡೆದುಹೋದುವು. ಟೈಟೇನಿಯಂ ಲೋಹಕ್ಕೆ ಮರಳಬೇಕಾಯಿತು. ವೆಚ್ಚವು ಅಂದಾಜನ್ನು ಮೀರಿ, 1971ರ ಫೆಬ್ರವರಿ 4ರಂದು ಕಂಪೆನಿಯು ದಿವಾಳಿಯೆದ್ದಿತು. ಸರ್ಕಾರವೇ ಅದನ್ನು ವಹಿಸಿಕೊಂಡಿತು. ದಿವಾಳಿಗೆ ಅಲಗುಗಳೊಂದೇ ಹೊಣೆಯೆನ್ನುವುದು ಪೂರ್ಣ ಸತ್ಯವಲ್ಲ. ಇನ್ನೂ ನಿರ್ಮಿಸದ ಎಂಜಿನ್ನನ್ನು ನಿಗದಿಯಾದ ಬೆಲೆಗೆ ಮಾರಲೊಪ್ಪಿದ ಕರಾರೂ ಅಷ್ಟೇ ಹೊಣೆ. ಆ ಎಂಜಿನ್ನು 1972ರಲ್ಲಿ ಸೇವೆಗಿಳಿದು, ಮುಂದೆ ಬೋಯಿಂಗ್ 747, 757 ವಿಮಾನಗಳಿಗೂ ಸಂದಿತು. ಕೈಬಿಟ್ಟಿದ್ದ ಅಲಗಿನ ಕಲ್ಪನೆಯೂ ಅಳಿಯಲಿಲ್ಲ. 1995ರಲ್ಲಿ ಬೋಯಿಂಗ್ 777ರೊಡನೆ ಸೇವೆಗೆ ಬಂದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಜಿಇ90 ಎಂಜಿನ್ನಿನಲ್ಲಿ ಬಳಸಿ ಹೋಗುವ ಗಾಳಿ ಎಂಟು ಪಾಲನ್ನು ಮೀರಿದ್ದಿತು. ಅದರ ಅಲಗುಗಳು ಇಂಗಾಲದ ಎಳೆಯವೇ. ಹಕ್ಕಿಯ ಪೆಟ್ಟು ಮೊದಲು ತಾಗುವ ಅಂಚಿಗೆ ಮಾತ್ರ ಟೈಟೇನಿಯಂ ಹೊದಿಸಿದ್ದರು.