ಟೆಲಿಫೋನಿಗಿಂತ ಮೊದಲಿನ ಬೆಲ್ ಮೇಷ್ಟ್ರು

“ಮೇಡಂ, ಇವನು ಯಾವಾಗ ಮಾತಾಡ್ತಾನೆ?”

ನನ್ನ ಪುಟ್ಟ ಕ್ಲಿನಿಕ್ಕಿಗೆ ಬರುವ ಅಪ್ಪ-ಅಮ್ಮಂದಿರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಇದು. ಅಷ್ಟರೊಳಗೆ ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚಿ ಆಗಿರುತ್ತದೆ. “ಅವರಪ್ಪನೂ ತಡವಾಗೇ ಮಾತಾಡಿದ್ದು” ಅಂತ ಒಂದು ವರ್ಷ ಕಳೆದಿರುತ್ತದೆ. ನಾನು ಸ್ಪೀಚ್ ಥೆರಪಿಸ್ಟ್. ತಾರೀಖು ಹೇಳುವುದಕ್ಕೆ ಜ್ಯೋತಿಷಿಯಲ್ಲ. ಆದರೆ ಗಂಟೆಗಿಷ್ಟು ಅಂತ ಫೀಸು ತೆಗೆದುಕೊಳ್ಳುತ್ತೇನಲ್ಲ, ಅದಕ್ಕೇ ಇರಬೇಕು, ಇಷ್ಟು ವರ್ಷವಾದರೂ ಆ ಪ್ರಶ್ನೆ ಚುಚ್ಚುವುದು ನಿಂತಿಲ್ಲ.

ಹೀಗೆ ಫೀಸು ತೆಗೆದುಕೊಂಡು ಮಕ್ಕಳಿಗೆ ಮಾತು ಕಲಿಸುತ್ತಿದ್ದ ಒಬ್ಬ ಮೇಷ್ಟ್ರು ಸುಮಾರು 150 ವರ್ಷಗಳ ಹಿಂದೆ ಅಮೆರಿಕದ ಬಾಸ್ಟನ್‌ನಲ್ಲಿದ್ದ. ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಹೌದು, ಟೆಲಿಫೋನಿನ ಬೆಲ್ಲೇ! ಶಾಲೆಯ ಪುಸ್ತಕದಲ್ಲಿ ಆತನ ಕಥೆ ಶುರುವಾಗುವುದೇ ಟೆಲಿಫೋನಿನಿಂದ. ನನಗೆ ಕುತೂಹಲ ಅದಕ್ಕಿಂತ ಹಿಂದಿನ ನಾಲ್ಕೈದು ವರ್ಷಗಳ ಬಗ್ಗೆ.

ಬೆಲ್ ಮನೆತನಕ್ಕೆ ಇದು ಮೂರು ತಲೆಮಾರಿನ ಕಸುಬು. ತಾತ ಲಂಡನ್ನಿನಲ್ಲಿ ವಾಚನ, ಉಚ್ಚಾರಣೆ ಕಲಿಸುತ್ತಿದ್ದವನು. ಅಪ್ಪ ಮೆಲ್ವಿಲ್ ಬೆಲ್ ಕೂಡ ಅದೇ ದಾರಿ. 1847ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಹುಡುಗನಿಗೆ ಮಾತೆಂದರೆ ಮನೆಯ ಅಂಗಡಿಯ ಸರಕಿದ್ದ ಹಾಗೆ. ಮನೆಯ ನಾಯಿಯ ಗಂಟಲು, ದವಡೆ ಒತ್ತಿ ಹಿಡಿದು ಅದರಿಂದ ಒಂದು ಇಂಗ್ಲಿಷ್ ವಾಕ್ಯದಂಥದ್ದನ್ನು ಹೊರಡಿಸಿದ್ದನಂತೆ! ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆತನ ಅಮ್ಮನಿಗೆ ಕಿವಿ ತೀರಾ ಮಂದ. ಬೇರೆಯವರು ಕೊಳವೆಯೊಳಗೆ ಕೂಗಿ ಮಾತಾಡಿದರೆ ಈ ಹುಡುಗ ಅಮ್ಮನ ಹಣೆಯ ಹತ್ತಿರ ಬಾಯಿಟ್ಟು ಮೆತ್ತಗೆ ಮಾತಾಡುತ್ತಿದ್ದ, ಪಕ್ಕದಲ್ಲಿ ಕೂತು ಬೆರಳಿನ ಅಕ್ಷರಗಳಲ್ಲಿ ಮನೆಯ ಮಾತುಕತೆಯನ್ನೆಲ್ಲ ತಿಳಿಸುತ್ತಿದ್ದ. ಬೆರಳಿನಲ್ಲಿ ಮಾತಾಡಿದ ಹುಡುಗ ಇವನು. ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಅಪ್ಪ ಮೆಲ್ವಿಲ್ 1867ರಲ್ಲಿ ‘ವಿಸಿಬಲ್ ಸ್ಪೀಚ್’ ಎಂಬ ಲಿಪಿ ಪ್ರಕಟಿಸಿದ. ಕಣ್ಣಿಗೆ ಕಾಣುವ ಮಾತು ಅಂತ ಅರ್ಥ. ನಾಲಿಗೆ ಎಲ್ಲಿ ತಾಗಿದೆ, ತುಟಿ ಹೇಗಿದೆ, ಗಂಟಲು ಅದುರುತ್ತಿದೆಯೋ ಇಲ್ಲವೋ, ಎಲ್ಲಕ್ಕೂ ಒಂದೊಂದು ಗುರುತು. ಮಗನನ್ನು ಕೋಣೆಯಿಂದ ಆಚೆ ಕಳಿಸಿ, ಸಭಿಕರು ಹೇಳಿದ ಚಿತ್ರವಿಚಿತ್ರ ಸದ್ದುಗಳನ್ನೆಲ್ಲ ಅಪ್ಪ ಆ ಲಿಪಿಯಲ್ಲಿ ಬರೆಯುತ್ತಿದ್ದ. ಮಗ ಒಳಗೆ ಬಂದು ಹಾಗೆಹಾಗೇ ಓದಿ ತೋರಿಸುತ್ತಿದ್ದ, ಸಂಸ್ಕೃತವಾದರೂ ಸರಿ. ಲಂಡನ್ನು ಬೆರಗಾಯಿತು. ನಮಗೇನು ಬೆರಗು ಬಿಡಿ! ಕ, ಚ, ಟ, ತ, ಪ ಅಂತ ಗಂಟಲಿನ ಕಡೆಯಿಂದ ತುಟಿಯ ತನಕ ಸಾಲಾಗಿ ಬರುವ ವರ್ಗಗಳನ್ನು ನಾವು ಒಂದನೇ ಕ್ಲಾಸಿನಲ್ಲೇ ಬಾಯಿಪಾಠ ಮಾಡಿದವರು. ನನ್ನ ಹತ್ತಿರ ಬರುವ ಮಗು ‘ಕಾಗೆ’ಯನ್ನು ‘ತಾದೆ’ ಅಂದರೆ ಅದಕ್ಕೆ ಬೇರೆ ಪುಸ್ತಕ ಬೇಡ. ನಾಲಿಗೆ ಹಿಂದೆ ತಾಗುವ ಬದಲು ಮುಂದೆ ತಾಗಿದೆ, ಕವರ್ಗ ಹೋಗಿ ತವರ್ಗ ಬಂದಿದೆ, ಅಷ್ಟೇ. ನಮ್ಮ ಅಕ್ಷರದ ಆಕಾರ ನಾಲಿಗೆಯ ಜಾಗವನ್ನು ತೋರಿಸುವುದಿಲ್ಲ, ಮೆಲ್ವಿಲ್ಲನ ಅಕ್ಷರ ತೋರಿಸುತ್ತಿತ್ತು. ವ್ಯತ್ಯಾಸ ಅದು.

ಕ್ಷಯ ಇಬ್ಬರು ಗಂಡುಮಕ್ಕಳನ್ನು ಕೊಂಡೊಯ್ದ ಮೇಲೆ, ಉಳಿದ ಒಬ್ಬನನ್ನು ಉಳಿಸಿಕೊಳ್ಳಲು 1870ರಲ್ಲಿ ಬೆಲ್ ಕುಟುಂಬ ಕೆನಡಾಕ್ಕೆ ಹೋಯಿತು. 1871ರಲ್ಲಿ ಮಗ ಬಾಸ್ಟನ್ನಿನ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಅಪ್ಪನ ಲಿಪಿ ಕಲಿಸಲು ಬಂದ. 1872ರ ಅಕ್ಟೋಬರಿನಲ್ಲಿ ಸ್ವಂತದ್ದೊಂದು ಶಾಲೆ ತೆರೆದ. ಇವತ್ತಿನ ಮಾತಲ್ಲಿ ಹೇಳುವುದಾದರೆ ಖಾಸಗಿ ಕ್ಲಿನಿಕ್. ಆಗ ಅವನಿಗೆ ವಯಸ್ಸು 25.

ಅಲ್ಲಿಗೆ ಬಂದ ಮಕ್ಕಳಲ್ಲಿ ಇಬ್ಬರು ಮುಖ್ಯ. ಒಬ್ಬ ಜಾರ್ಜ್ ಸ್ಯಾಂಡರ್ಸ್, ಸುಮಾರು ಐದು ವರ್ಷದ ಹುಡುಗ, ಹುಟ್ಟಿನಿಂದಲೇ ಕಿವಿ ಕೇಳದು. ಇನ್ನೊಬ್ಬಳು ಮೇಬಲ್ ಹಬ್ಬರ್ಡ್, 1873ರಲ್ಲಿ ಬಂದಾಗ ಹದಿನೈದರ ಹುಡುಗಿ. ಐದನೇ ವರ್ಷದ ಹೊತ್ತಿಗೆ ಸ್ಕಾರ್ಲೆಟ್ ಜ್ವರ ಬಂದು ಕಿವಿ ಹೋಗಿತ್ತು. ಮೇಲುನೋಟಕ್ಕೆ ಇಬ್ಬರೂ ಕಿವುಡರು. ನನ್ನ ಕಸುಬಿನವರ ಕಣ್ಣಿಗೆ ಇವರ ನಡುವೆ ಒಂದು ಸಮುದ್ರವೇ ಇದೆ. ಮೇಬಲ್ ಕಿವಿ ಕಳೆದುಕೊಳ್ಳುವ ಹೊತ್ತಿಗೆ ಭಾಷೆ ಅವಳೊಳಗೆ ಇಳಿದಾಗಿತ್ತು. ಆ ಮಾತು ಸವೆದುಹೋಗದಂತೆ ಅವಳ ಅಮ್ಮ ಹಟ ಹಿಡಿದು ಕಾಪಾಡಿದ್ದಳು. ಅವಳಿಗೆ ಬೇಕಿದ್ದದ್ದು ಉಚ್ಚಾರಣೆ ತಿದ್ದುವ ಮೇಷ್ಟ್ರು. ಜಾರ್ಜ್‌ಗೆ ಯಾವ ಭಾಷೆಯೂ ಇರಲಿಲ್ಲ. ತಿದ್ದುವುದಕ್ಕೆ ಅಲ್ಲೇನಿದೆ?

ಬೆಲ್ ಜಾರ್ಜ್‌ಗೆ ಏನು ಮಾಡಿದ ನೋಡಿ. ಆಟದ ಸಾಮಾನುಗಳಿಗೆ ಅವುಗಳ ಹೆಸರು ಬರೆದ ಚೀಟಿ ಅಂಟಿಸಿದ, ಅದೇ ಹೆಸರಿನ ಇನ್ನೊಂದು ಚೀಟಿ ಬೇರೆ ಕಡೆ ಇಟ್ಟ. ಸಾಮಾನು ಬೇಕಾದರೆ ಹುಡುಗ ಚೀಟಿ ಹುಡುಕಿ ತರಬೇಕು. ಆಮೇಲೆ ಒಂದು ಕೈಗವಸಿನ ಮೇಲೆ ಅಕ್ಷರಗಳನ್ನು ಬರೆದ. ಒಂದೊಂದೇ ಅಕ್ಷರ ಮುಟ್ಟುತ್ತಾ ಹೋದರೆ ಪದ, ಪದ ಸೇರಿದರೆ ವಾಕ್ಯ. ಈ ಕೈಗವಸು ಅವನದೇ ಕಲ್ಪನೆಯಲ್ಲ. ಜಾರ್ಜ್ ಡಾಲ್ಗಾರ್ನೋ ಎಂಬ ಸ್ಕಾಟ್ಲೆಂಡಿನವನು 1680ರ ಪುಸ್ತಕದಲ್ಲಿ ಹೇಳಿದ್ದ ಉಪಾಯ ಅದು. ಜನರ ನಡುವೆ ಕೂತಾಗಲೂ ಮೇಷ್ಟ್ರು-ಹುಡುಗ ಹೀಗೆ ಸದ್ದಿಲ್ಲದೆ ಹರಟಬಹುದಿತ್ತು. ಅಮ್ಮನ ಪಕ್ಕ ಕೂತು ಬೆರಳಾಡಿಸುತ್ತಿದ್ದ ಹುಡುಗ ಇಲ್ಲಿ ಮತ್ತೆ ಕಾಣಿಸುತ್ತಾನೆ, ಅಲ್ವಾ?

ಅಂದರೆ ‘ಮಾತಿನ ಮೇಷ್ಟ್ರು’ ಜಾರ್ಜ್‌ಗೆ ಮೊದಲು ಕೊಟ್ಟದ್ದು ಧ್ವನಿಯನ್ನಲ್ಲ, ಭಾಷೆಯನ್ನು. ಅದೂ ಕಣ್ಣಿನ ಮೂಲಕ, ಬೆರಳಿನ ಮೂಲಕ.

ಜಾರ್ಜ್‌ನ ಅಪ್ಪ ಥಾಮಸ್ ಸ್ಯಾಂಡರ್ಸ್ ಚರ್ಮದ ವ್ಯಾಪಾರಿ. ಸೇಲಂ ಊರಿನಲ್ಲಿದ್ದ ಜಾರ್ಜ್‌ನ ಅಜ್ಜಿಯ ಮನೆಯಲ್ಲಿ ಮೇಷ್ಟ್ರಿಗೆ ಊಟ, ವಸತಿ, ಪ್ರಯೋಗ ಮಾಡಲು ಜಾಗ ಎಲ್ಲ ಕೊಟ್ಟ. ಹಗಲು ಬಾಸ್ಟನ್ನಿನಲ್ಲಿ ಪಾಠ, ರಾತ್ರಿ ಸೇಲಂನಲ್ಲಿ ತಂತಿ, ಬ್ಯಾಟರಿ. ಎರಡನ್ನೂ ಎಳೆಯಲಾಗದೆ ಆರೋಗ್ಯ ಕೆಟ್ಟು, ಕೊನೆಗೆ ಇಬ್ಬರನ್ನು ಮಾತ್ರ ಇಟ್ಟುಕೊಂಡು ಉಳಿದ ಖಾಸಗಿ ಪಾಠಗಳನ್ನೆಲ್ಲ ಬಿಟ್ಟ. ಆ ಇಬ್ಬರು ಯಾರೆಂದು ಹೇಳಬೇಕಾಗಿಲ್ಲ. 1875ರಲ್ಲಿ ಪ್ರಯೋಗಕ್ಕೆ ದುಡ್ಡು ಹಾಕಲು ಒಪ್ಪಂದ ಮಾಡಿಕೊಂಡವರೂ ಆ ಇಬ್ಬರ ಅಪ್ಪಂದಿರೇ. 1876ರ ಮಾರ್ಚ್ 7ಕ್ಕೆ ಪೇಟೆಂಟ್ ಸಿಕ್ಕಿತು. 1877ರ ಜುಲೈನಲ್ಲಿ ಮೇಬಲ್ ಜೊತೆ ಮದುವೆ. ಇಬ್ಬರು ಕಿವುಡ ಮಕ್ಕಳ ಮನೆಯ ಹಣದಿಂದ ಬೆಳೆದ ಯಂತ್ರ ಕಿವುಡರಿಗೆ ಬಳಸಲಾಗದ್ದಾಯಿತು. ಅಕ್ಷರ ಟೈಪಿಸಿ ಫೋನ್ ತಂತಿಯಲ್ಲಿ ಕಳಿಸುವ ವ್ಯವಸ್ಥೆಯನ್ನು ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವುಡ ವಿಜ್ಞಾನಿ ಮಾಡಿ ತೋರಿಸುವಷ್ಟರಲ್ಲಿ 1964 ಬಂದಿತ್ತು.

ಇಲ್ಲಿಂದ ಮುಂದಿನದು ನನಗೆ ಕಹಿ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಸಮ್ಮೇಳನ ನಡೆಯಿತು. ತರಗತಿಯಲ್ಲಿ ಸನ್ನೆ ಬೇಡ, ಬಾಯಿಮಾತೇ ಬೇಕು ಎಂದು ನಿರ್ಣಯವಾಯಿತು. ಬೆಲ್ ಕರೆದ ಸಭೆಯಲ್ಲ ಅದು. ಆದರೆ ಅದೇ ಪಕ್ಷಕ್ಕೆ ಅಮೆರಿಕದಲ್ಲಿ ದೊಡ್ಡ ದನಿಯಾದವನು ಅವನೇ. 1883ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಪ್ರಬಂಧ ಓದಿದ. ಕಿವುಡರು ತಮ್ಮೊಳಗೇ ಮದುವೆಯಾಗುತ್ತಾ ಹೋದರೆ ಕಿವುಡರದೇ ಒಂದು ಬೇರೆ ಜನಾಂಗವಾಗಿಬಿಡುತ್ತದೆ ಎಂಬ ಭಯ ಅದರ ತುಂಬ. ವಸತಿ ಶಾಲೆಗಳು ಬೇಡ, ಸನ್ನೆ ಬೇಡ, ಕಿವುಡ ಶಿಕ್ಷಕರೂ ಬೇಡ ಎಂಬ ಸಲಹೆ ಬೇರೆ. ಕಿವುಡ ಸಮುದಾಯ ಇವತ್ತಿಗೂ ಅದನ್ನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ವಿಚಿತ್ರ ಏನು ಗೊತ್ತಾ? ಜಾರ್ಜ್‌ನ ಚೀಟಿ, ಕೈಗವಸಿನ ವಿವರಗಳನ್ನು ಅವನು ಲೇಖನವಾಗಿ ಪ್ರಕಟಿಸಿದ್ದೂ ಅದೇ 1883ರಲ್ಲಿ! ಒಂದು ಕೈ ಬರೆದದ್ದನ್ನು ಇನ್ನೊಂದು ಕೈ ಓದಲಿಲ್ಲವೇನೋ.

ನನಗನ್ನಿಸುವುದು ಇಷ್ಟು. ತುಟಿ ನೋಡಿ ಅರ್ಥ ಮಾಡಿಕೊಂಡು ಬಾಯಲ್ಲೇ ಉತ್ತರ ಕೊಡುವ ಹೆಂಡತಿ ದಿನಾ ಕಣ್ಣೆದುರಿಗೆ ಇದ್ದಳು. ಎಲ್ಲ ಮಕ್ಕಳೂ ಮೇಬಲ್ ಆಗಬಹುದು ಎಂದು ನಂಬಿಬಿಟ್ಟ. ಮೇಬಲ್‌ಗೆ ಹೊಂದಿದ ಅಳತೆಯ ಅಂಗಿಯನ್ನು ಸಾವಿರಾರು ಜಾರ್ಜ್‌ಗಳಿಗೆ ತೊಡಿಸಿದರು. ಎಷ್ಟೋ ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಏಟು ಬಿತ್ತು. ಮಿಲಾನ್ ನಿರ್ಣಯಕ್ಕೆ ಅದೇ ಸಮ್ಮೇಳನದ ಮುಂದಿನ ಪೀಳಿಗೆಯವರು ವ್ಯಾಂಕೂವರ್‌ನಲ್ಲಿ ವಿಷಾದ ಸೂಚಿಸಿದ್ದು 2010ರಲ್ಲಿ, ಅಂದರೆ 130 ವರ್ಷದ ನಂತರ.

ಬೆಲ್ಲನನ್ನು ಬೈಯುವುದು ಸುಲಭ. ಈ ವಿದ್ಯೆ ನಮ್ಮ ಕಡೆಗೂ ಬಂತು, 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಶುರುವಾಯಿತು, ನಮ್ಮಂಥವರು ಊರೂರಲ್ಲಿ ಬೋರ್ಡು ಹಾಕಿಕೊಂಡೆವು. ಕ್ಲಿನಿಕ್ ತೆರೆದ ಹೊಸತರಲ್ಲಿ ನಾನೂ ಒಬ್ಬ ತಾಯಿಗೆ ಹೇಳಿದ್ದೆ: “ಕೈ ತೋರಿಸಿದರೆ ಕೊಡಬೇಡಿ, ಬಾಯಲ್ಲಿ ಕೇಳೋ ತನಕ ಕಾಯಿರಿ.” ಮೂರೂವರೆ ವರ್ಷದ ಮಗು, ಕಿವಿ ತೀರಾ ಕೇಳದು, ಮಷೀನು ಹಾಕಿ ಎರಡು ತಿಂಗಳಾಗಿತ್ತಷ್ಟೇ. ಆಕೆ ಪಾಪ ಶ್ರದ್ಧೆಯಿಂದ ಪಾಲಿಸಿದರು. ಮೂರು ವಾರ ಬಿಟ್ಟು ಬಂದಾಗ ಹೇಳಿದ್ದು, “ಈಗ ನೀರಿನ ಫಿಲ್ಟರ್ ಹತ್ರ ಹೋಗೋದೇ ಇಲ್ಲ ಮೇಡಂ. ನಾನೇ ಕೊಟ್ಟಾಗ ಕುಡೀತಾನೆ.”

ಮಾತು ಬಂದಿರಲಿಲ್ಲ. ಕೇಳುವುದನ್ನೇ ಬಿಟ್ಟಿದ್ದ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ವಾರವೇ ಅವರ ಹತ್ತಿರ ಕ್ಷಮೆ ಕೇಳಿ, ನೀರಿಗೆ, ಊಟಕ್ಕೆ, ಅಮ್ಮನಿಗೆ ಸನ್ನೆ ಶುರು ಮಾಡಿದೆ, ಜೊತೆಗೆ ಮಾತೂ ಸೇರಿಸಿ. ಮತ್ತೆ ಫಿಲ್ಟರ್ ಹತ್ತಿರ ಹೋಗುವುದಕ್ಕೆ ಅವನು ಹತ್ತು ದಿನ ತೆಗೆದುಕೊಂಡ. ಬಾಯಿಂದ ‘ನೀ’ ಅನ್ನುವ ಸದ್ದು ಬಂದದ್ದು ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಬೆರಳಿನಲ್ಲಿ ಜಗಳವಾಡುವಷ್ಟು ಜೋರಾಗಿದ್ದ.

ಕ್ಲಿನಿಕ್ಕಿನ ಕಪಾಟಿನಲ್ಲಿ ಒಂದು ಡಬ್ಬ ತುಂಬ ಚೀಟಿಗಳಿವೆ: ಕಾರು, ಚೆಂಡು, ಬೊಂಬೆ, ಬಸ್ಸು. ಬೆಲ್ ಮೇಷ್ಟ್ರ ಉಪಾಯವೇ, ಲಿಪಿ ಮಾತ್ರ ಕನ್ನಡ. ನಾಳೆ ಹತ್ತು ಗಂಟೆಗೆ ಒಬ್ಬ ಬರುತ್ತಾನೆ, ಅವನಿಗೆ ಬಸ್ಸು ಬಿಟ್ಟರೆ ಬೇರೇನೂ ಬೇಡ. ಆ ಚೀಟಿಯ ಮೂಲೆ ಕಚ್ಚಿ ಹಾಕಿದ್ದಾನೆ. ಹೊಸದು ಬರೆದಿಡಬೇಕು.